ಚಿಕ್ಕಪ್ಪನ ಎಡಗಾಲು

ತುಮಕೂರಿನ ಈ ಬಾಡಿಗೆ ಮನೆಯಲ್ಲಿ ಮಂಡಿನೋವಿಗೆಂದು ಹರಳೆಣ್ಣೆ ಬಿಸಿಗಿಟ್ಟಾಗಲೆಲ್ಲ ಅಮೃತೂರಿನ ನಮ್ಮ ಮನೆಯ ಜಗಲಿ ಕಣ್ಮುಂದೆ ಬರುತ್ತದೆ. ನಿಮಗೂ ಹಾಗೆ ನೆನಪು ತರುವ ವಾಸನೆಯೊಂದು ಇದ್ದೀತು. ಆ ಮನೆ ಈಗಿಲ್ಲ. ಜಗಲಿಯ ಮೇಲೆ ರುದ್ರೇಶ ಚಿಕ್ಕಪ್ಪ ಎಡಗಾಲು ಚಾಚಿ ಕೂತಿರುತ್ತಿದ್ದ, ಅವನ ತಾಯಿ, ಅಂದರೆ ನನ್ನಜ್ಜಿ, ಬಿಸಿ ಎಣ್ಣೆ ಹಚ್ಚಿ ನೀವುತ್ತಿದ್ದಳು. ಕಬಡ್ಡಿಯಲ್ಲಿ ದೇಶಕ್ಕೆ ಆಡಿದವನು ನಮ್ಮ ಚಿಕ್ಕಪ್ಪ. ಎದುರಾಳಿಗಳು ಹಿಡಿದೆಳೆದೂ ಎಳೆದೂ ಆ ಪಾದದ ಕೀಲು ಗಂಟುಕಟ್ಟಿಕೊಂಡಿತ್ತು. ಊರೆಲ್ಲ ಅವನ ರೈಡು ಹೊಗಳಿದರೆ ಅಜ್ಜಿ ಮಾತ್ರ ಕಾಲು ಹಿಡಿದವರಿಗೆ ಶಾಪ ಹಾಕುತ್ತ, ಹೆಬ್ಬೆರಳಿನಿಂದ ಗಂಟನ್ನು ಮೂರು ಸುತ್ತು ತಿಕ್ಕಿ ಕೊನೆಗೊಂದು ಸಣ್ಣ ಏಟು ಕೊಡುತ್ತಿದ್ದಳು. ಅಷ್ಟಾದರೆ ಅವನು ಎದ್ದು ಹೋಗಬಹುದಿತ್ತು.

ಅವನು ಓದಿದ್ದು, ಆಟ ಕಲಿತದ್ದು ಗುಬ್ಬಿ ಕಡೆಯ ಒಂದು ಸಣ್ಣ ಮಠದಲ್ಲಿ. ಅಲ್ಲಿನ ವಯಸ್ಸಾದ ಸ್ವಾಮಿಗಳು ತಮ್ಮ ನಂತರ ನೀನೇ ಪಟ್ಟಕ್ಕೆ ಬರಬೇಕು ಎಂದಾಗ ಅವನಿಗೆ ಇಲ್ಲವೆನ್ನಲಾಗಲಿಲ್ಲ. ನೀಲಿ ಜೆರ್ಸಿಯನ್ನು ಮಡಿಸಿ ನನ್ನ ಕೈಗೆ ಕೊಟ್ಟು ಕಾವಿ ಉಟ್ಟ. ಆ ಮಠದ ಕಟ್ಟಳೆ ಬಲು ಬಿಗಿ. ಪಟ್ಟಕ್ಕೆ ಬಂದವರಿಗೆ ಹೆತ್ತ ಮನೆಯಿಲ್ಲ, ಹೆಂಗಸರೆಲ್ಲ ಅವರಿಗೆ 'ತಾಯಿ', ಅವರು ನಮಗೆ 'ಬುದ್ಧಿ'. ನನಗೆ ಆ ಕಟ್ಟಳೆಯ ಮೇಲೆ ಇಂದಿಗೂ ಸಿಟ್ಟಿದೆ, ಚಿಕ್ಕಪ್ಪನ ಮೇಲೂ ಸ್ವಲ್ಪ. ಕಣ್ಣು ಮಂಜಾಗುತ್ತಿದ್ದ ಅಜ್ಜಿಗೆ ಉಳಿದಿದ್ದು ಒಂದೇ ಆಸೆ. ಸಾಯುವ ಮೊದಲು ಅವನ ಬಾಯಲ್ಲಿ ಒಮ್ಮೆ 'ಅವ್ವ' ಅನ್ನಿಸಿಕೊಳ್ಳಬೇಕು.

ಕಾವಿ ಉಟ್ಟ ಏಳು ವರ್ಷದ ಮೇಲೆ ಚಿಕ್ಕಪ್ಪ, ಈಗ ಸ್ವಾಮಿಗಳು, ಬೇರೆ ಭಕ್ತರ ಮನೆಗೆ ಹೋಗುವಂತೆಯೇ ನಮ್ಮ ಮನೆಗೂ ಪಾದಪೂಜೆಗೆ ಬಂದರು. ನಡುಮನೆಯಲ್ಲಿ ಕೂರಿಸಿ, ತಟ್ಟೆಯಲ್ಲಿ ಪಾದ ಇಡಿಸಿ ಅಜ್ಜಿ ನೀರೆರೆದಳು. ಇನ್ನು ವಿಭೂತಿ ಹಚ್ಚಬೇಕು, ಹೂ ಏರಿಸಬೇಕು. ಆದರೆ ಎಡಗಾಲಿಗೆ ಕೈ ತಾಗಿದ್ದೇ ತಡ, ಹೆಬ್ಬೆರಳು ತಾನಾಗಿ ಗಂಟು ಹುಡುಕಿತು. ಒಂದು ಸುತ್ತು, ಎರಡು, ಮೂರು. ಜೊತೆಗೆ ಬಂದಿದ್ದ ಮಠದ ಹಿರಿಯರು ಕೆಮ್ಮಿದರು. ಅಜ್ಜಿಗೆ ಕೇಳಿಸಲಿಲ್ಲ, ಗುರುಗಳ ಪಾದಕ್ಕೆ ಎಲ್ಲರೆದುರು ಆ ಏಟನ್ನೂ ಕೊಟ್ಟುಬಿಟ್ಟಳು. ಆಮೇಲೆ ಅರಿವಾಗಿ ಕೈ ಎಳೆದುಕೊಂಡಳು.

"ತಪ್ಪಾಯ್ತು ಬುದ್ಧಿ, ಮರ್ತ್‌ಬುಟ್ಟೆ."

ಪಕ್ಕದಲ್ಲೇ ಕೂತಿದ್ದ ನಾನು ಸ್ವಾಮಿಗಳ ತುಟಿಯನ್ನೇ ನೋಡುತ್ತಿದ್ದೆ. ಅವರು ಎಡಗಾಲನ್ನು ಇನ್ನಷ್ಟು ಮುಂದಕ್ಕೆ ಚಾಚಿದರು.

"ಇನ್ನೊಂದ್ಸಲ ತಿಕ್ಕಿ ತಾಯಿ. ನೋಯೋದು ಅಲ್ಲೇ."

ಅಂದು ಸಂಜೆ ಅಜ್ಜಿ ತನ್ನ ಆಸೆ ತೀರಿತೆಂದಳು. ಅವರು 'ಅವ್ವ' ಅನ್ನಲೇ ಇಲ್ಲವಲ್ಲ ಎಂದೆ. "ಅಂದ ಕಣೇ, ನೀನು ಕೇಳಿಸ್ಕೊಳ್ಳಿಲ್ಲ ಅಷ್ಟೇ," ಎಂದಳು. ಕಣ್ಣು ಮುಚ್ಚುವವರೆಗೂ ಅದನ್ನೇ ಸಾಧಿಸಿದಳು.

ಕಳೆದ ತಿಂಗಳು ಮಠಕ್ಕೆ ಹೋದಾಗ ಒಂದು ಸೀಸೆ ಹರಳೆಣ್ಣೆ ಒಯ್ದು ಅವರ ಮುಂದಿಟ್ಟು ಅಡ್ಡಬಿದ್ದೆ. ಅವರಿಗೂ ತಲೆ ಪೂರ್ತಿ ಬೆಳ್ಳಗಾಗಿದೆ. ಮುಚ್ಚಳ ತೆಗೆದು ಮೂಸಿದರು.

"ಬಿಸಿ ಮಾಡಿ ತಿಕ್ಕೋರು ಯಾರಿದಾರೆ ತಾಯಿ," ಎಂದರು.

'ಚಿಕ್ಕಪ್ಪ' ಅನ್ನುವುದು ಗಂಟಲವರೆಗೆ ಬಂದಿತ್ತು. ಬರ್ತೀನಿ ಬುದ್ಧಿ ಎಂದು ಎದ್ದು ಬಂದೆ.