ಸರೋಜತ್ತೆಯ ಗೋಡೆ

ಮೊನ್ನೆ ಪಕ್ಕದ ಮನೆಯವರು ಗೇಟಿಗೆ ಪೇಂಟು ಬಳಿಸುತ್ತಿದ್ದರು. ಆ ಘಾಟು ಒಳಗೆ ಬಂದದ್ದೇ ತಡ, ನಾನು ಎದ್ದು ಕಿಟಕಿ ಮುಚ್ಚಿದೆ. ರೇಷ್ಮೆ ಹುಳ ಇರುವ ಮನೆಯಲ್ಲಿ ಬೆಳೆದವರ ಕೈ ಅದು, ಹೇಳದೆಯೇ ಓಡುತ್ತದೆ. ಜಂಗಮಕೋಟೆಯ ನಮ್ಮ ಮನೆ ಎಂದರೆ ಒಂದೇ ಕೋಣೆ. ಅದರ ಮುಕ್ಕಾಲು ಪಾಲು ಹುಳದ ತಟ್ಟೆಗಳಿಗೆ, ಉಳಿದ ಜಾಗ ನಮಗೆ. ಒಗ್ಗರಣೆಯ ಘಾಟು ಹುಳಕ್ಕೆ ಆಗದೆಂದು ಒಲೆಯೇ ಹಿತ್ತಲಿಗೆ ಹೋಗಿತ್ತು. ಹುಳ ಸೊಪ್ಪು ಮೇಯುವ ಸದ್ದಿನಲ್ಲೇ ನಾನು ನಿದ್ದೆ ಮಾಡುವುದನ್ನು ಕಲಿತದ್ದು.

ಅಪ್ಪನ ತಂಗಿ ಸರೋಜತ್ತೆಗೆ ಚಿತ್ರದ ಹುಚ್ಚು. ತಟ್ಟೆಗಳ ಹಿಂದಿನ ಗೋಡೆಯೇ ಅವಳ ಕಾಗದ. ಅಲ್ಲಿ ರಾಗಿ ಕೇರುವ ಅಜ್ಜಿ ಇದ್ದಳು, ನಮ್ಮ ಸೀಮೆಹಸು ಇತ್ತು, ಮೂಗು ಸುರಿಸಿಕೊಂಡ ನಾನೂ ಇದ್ದೆ. ಬೆಳೆ ಮುಗಿದು ತಟ್ಟೆ ಖಾಲಿಯಾದಾಗ ಬಣ್ಣ, ಹುಳ ಬಂದಾಗ ಬರೀ ಇದ್ದಿಲು. ಆಗ ಪೇಂಟಿನ ಡಬ್ಬಗಳನ್ನು ಅವಳೇ ದನದ ಕೊಟ್ಟಿಗೆಯಲ್ಲಿ ಇಟ್ಟುಬರುತ್ತಿದ್ದಳು. ಅವಳಷ್ಟು ಕಟ್ಟುನಿಟ್ಟಾಗಿ ಹುಳದ ನೇಮ ನಡೆಸಿದವರು ನಮ್ಮಲ್ಲಿ ಇನ್ನೊಬ್ಬರಿರಲಿಲ್ಲ.

ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಒಂದು ಸಲ ಹುಳ ನಾಲ್ಕನೇ ಜ್ವರದಿಂದ ಎದ್ದು ಹಸಿವಿನಿಂದ ಸೊಪ್ಪಿಗೆ ಬಿದ್ದಿತ್ತು. ಮಧ್ಯಾಹ್ನದ ಹೊತ್ತಿಗೆ ತಟ್ಟೆ ತಟ್ಟೆಯ ಹುಳವೂ ತಲೆ ಎತ್ತಿ ಒದ್ದಾಡುತ್ತಾ ಹಸಿರು ಕಕ್ಕತೊಡಗಿತು. ಅಪ್ಪ ಒಂದು ಗಳಿಗೆ ನಿಂತು ನೋಡಿದ. ಆಮೇಲೆ, "ಪೇಂಟು ತೆಗ್ದಿದ್ದೀಯೇನೇ ಮುಂಡೆ!" ಎಂದು ಕಿರುಚಿ ಅತ್ತೆಯ ಜಡೆಗೆ ಕೈಹಾಕಿದ.

"ಇಲ್ಲಣ್ಣ, ನಿನ್ನಾಣೆ! ಡಬ್ಬ ಕೊಟ್ಗೇಲೈತೆ, ನೋಡೋಗು."

ಅಪ್ಪ ನೋಡಲು ಹೋಗಲಿಲ್ಲ. ಹಾರೆ ಎತ್ತಿಕೊಂಡು ಗೋಡೆಗೆ ಬಡಿದ. ಅಜ್ಜಿಯ ಮುಖ ಉದುರಿತು, ಹಸುವಿನ ಕೊಂಬು ಉದುರಿತು. "ವದ್ದುರಾ, ವದ್ದುರಾ" ಎಂದು ಅಜ್ಜಿ ತೆಲುಗಿನಲ್ಲಿ ಬೇಡ ಬೇಡವೆಂದು ಕೂಗುತ್ತಿದ್ದಳು. ಅತ್ತೆ ಗೋಡೆಗೆ ಅಡ್ಡ ನಿಂತು ಬಲಗೈ ಚಾಚಿದಳು. ಅಪ್ಪನ ಹಾರೆ ನಿಲ್ಲಲಿಲ್ಲ. ಮೂಳೆ ಮುರಿದ ಆ ಸದ್ದು ಹಸಿ ಕಡ್ಡಿ ಮುರಿದ ಹಾಗಿತ್ತು. ಅಮ್ಮ ನನ್ನ ಕಣ್ಣು ಮುಚ್ಚಿದಳು, ಕಿವಿ ಮುಚ್ಚಲು ಅವಳಿಗೆ ಕೈ ಸಾಲಲಿಲ್ಲ.

ಆ ದಿನದ ಸೊಪ್ಪು ಕೊಟ್ಟಿದ್ದ ನಂಜಪ್ಪ ಸಂಜೆ ಓಡಿಬಂದ. "ಅಣ್ಣೋ, ನಮ್ ಸೊಪ್ಪು ಹಾಕ್ಬೇಡ ಕಣೋ. ಪಕ್ಕದ ಟಮೋಟ ತೋಟಕ್ಕೆ ಔಷ್ಧಿ ಹೊಡ್ದವ್ರೆ, ಗಾಳಿಗೆ ಬಂದು ಕೂತೈತೆ!" ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಗಾದೆ ಕೇಳಿದರೆ ಇವತ್ತಿಗೂ ನನಗೆ ನಗು ಬರುವುದಿಲ್ಲ.

ಅತ್ತೆಯ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು. ಬೆರಳು ಮಡಿಸಲು ಬರುತ್ತಿರಲಿಲ್ಲ. ಮುಂದಿನ ಯುಗಾದಿಗೆ ಅಪ್ಪ ತಾನೇ ಗೋಡೆ ಮೆತ್ತಿ, ಸುಣ್ಣ ಬಳಿದು, ಚಿಂತಾಮಣಿಯಿಂದ ಹೊಸ ಬಣ್ಣ, ಹೊಸ ಕುಂಚ ತಂದು ಅವಳ ಮುಂದಿಟ್ಟ. ಕ್ಷಮಿಸು ಎಂಬ ಮಾತು ಆ ಗಂಡಸಿನ ಬಾಯಿಂದ ಯಾವತ್ತೂ ಹೊರಟದ್ದಿಲ್ಲ. "ಬರಿಯಮ್ಮ," ಎಂದ.

ಅತ್ತೆ ಕುಂಚವನ್ನು ನೋಡಿದಳು. ಅಳಲಿಲ್ಲ, ಬೈಯಲಿಲ್ಲ. "ಯಾವ ಕೈಲಿ ಹಿಡೀಲಿ ಅಣ್ಣ, ನೀನೇ ಹೇಳು," ಎಂದಳು.

ಅಪ್ಪ ಎದ್ದು ಹೊರಗೆ ಹೋದ. ಈಗ ಆ ಕೋಣೆಯೂ ಇಲ್ಲ, ಅವರಿಬ್ಬರೂ ಇಲ್ಲ. ಅತ್ತೆಯನ್ನು ನೆನೆದರೆ ಅಳು ಬರುತ್ತದೆ. ಅಪ್ಪನನ್ನು ನೆನೆದರೆ ಇವತ್ತಿಗೂ ಸಿಟ್ಟೇ ಮೊದಲು ಬರುತ್ತದೆ.