ಅಳಿಸಿಹೋಗದ ಟೇಪು

ಟೇಪು ಅಳಿಸಿಹೋಗಿದೆ ಎಂದು ನಾನು ಅಕ್ಕನಿಗೆ ಹೇಳಿದ್ದು ಸುಳ್ಳು. ಅದು ಅಳಿಸಿಹೋಗಿರಲಿಲ್ಲ. ಹಾಗೆ ಹೇಳುವಾಗ ಆ ವಿಡಿಯೋ ನನ್ನ ಪ್ಯಾಂಟಿನ ಜೇಬಿನಲ್ಲಿದ್ದ ಫೋನಿನಲ್ಲೇ ಇತ್ತು. ಕೈ ಹಾಕಿ ತೆಗೆದಿದ್ದರೆ ಅರ್ಧ ನಿಮಿಷದ ಕೆಲಸ. ತೆಗೆಯಲಿಲ್ಲ. ಅಕ್ಕ ಅದನ್ನು ನೋಡದೆಯೇ ಹೋದಳು.

ಇಷ್ಟು ಬರೆಯುವುದಕ್ಕೇ ನನಗೆ ಎಂಟು ತಿಂಗಳು ಬೇಕಾಯಿತು. ಉಳಿದದ್ದನ್ನೂ ಬರೆಯಬೇಕು. ಏಕೆಂದರೆ ಆ ಸುಳ್ಳಿಗಿಂತ ಮೊದಲು ಮಾಡಿದ್ದು — ಅದು ಇನ್ನೂ ಹೊಲಸು.

ಅಕ್ಕನ ಹೆಸರು ಸುಮತಿ. ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಅಪ್ಪಯ್ಯ ಲಂಡನ್ನಿನ ಒಂದು ಹೋಟೆಲಿನಲ್ಲಿ ಅಡುಗೆ ಕೆಲಸಕ್ಕೆ ಸೇರಿ, ಮೂರು ವರ್ಷದ ಮೇಲೆ ಕುಂದಾಪುರದಿಂದ ನಮ್ಮನ್ನೆಲ್ಲ ಕರೆಸಿಕೊಂಡಾಗ ಅವಳಿಗೆ ಹದಿನಾಲ್ಕು, ನನಗೆ ಐದು. ಹದಿನೇಳರ ಹೊತ್ತಿಗೆ ಅಕ್ಕನಿಗೆ ಜೂಲಿ ಎಂಬ ಗೆಳತಿ ಇದ್ದಳು. ಈ ಜೂಲಿಗೆ ಎಲ್ಲಿಂದಲೋ ಎರಡು ಪಾಸು ಸಿಕ್ಕಿದವು — ಟಿವಿಯಲ್ಲಿ ವಾರವಾರ ಬರುತ್ತಿದ್ದ ಪಾಪ್ ಸಂಗೀತದ ಕಾರ್ಯಕ್ರಮಕ್ಕೆ. ಹಾಡುವವರು ವೇದಿಕೆಯ ಮೇಲೆ, ಸುತ್ತ ಹುಡುಗ ಹುಡುಗಿಯರು ನಿಂತು ಕುಣಿಯಬೇಕು, ಕ್ಯಾಮೆರಾ ಅವರ ಮೇಲೂ ಆಗಾಗ ಹಾಯುತ್ತದೆ, ಅಷ್ಟೆ. ನಮ್ಮ ಮನೆಯಲ್ಲಿ ಅದನ್ನು ಕೇಳುವಂತೆಯೇ ಇರಲಿಲ್ಲ. ಜೂಲಿಯ ಮನೆಯಲ್ಲಿ ಹುಟ್ಟುಹಬ್ಬ ಎಂದಳು ಅಕ್ಕ. ನಾಲ್ಕು ಜನರ ಮನೆಗೆ ಹೋಗುವಾಗ ಮರ್ಯಾದೆಯಾಗಿ ಹೋಗಬೇಕು ಎಂದು ಅಬ್ಬಿ, ಅಂದರೆ ನಮ್ಮಮ್ಮ, ತನ್ನದೇ ಕಡುಗೆಂಪು ಸೀರೆಯನ್ನು, ಅಂಗೈ ಅಗಲದ ಜರಿಯಂಚಿನದ್ದು, ಅವಳಿಗೆ ಉಡಿಸಿ ಕಳಿಸಿದಳು. ಬೇಡ ಎಂದರೆ ಗುಟ್ಟು ರಟ್ಟಾಗುತ್ತದಲ್ಲ. ಹಾಗೆ ನಮ್ಮಕ್ಕ ಮಿನಿಸ್ಕರ್ಟು, ಅಗಲ ಪ್ಯಾಂಟುಗಳ ನಡುವೆ ಅಬ್ಬಿಯ ಸೀರೆಯುಟ್ಟು ಕುಣಿದು ಬಂದಳು.

ಅದು ಪ್ರಸಾರವಾದದ್ದು ಶುಕ್ರವಾರ ಸಂಜೆ. ಶುಕ್ರವಾರ ನಮ್ಮ ಮನೆಯಲ್ಲಿ ಭಜನೆ. ಮುಂದಿನ ಕೋಣೆಯಲ್ಲಿ ಎತ್ತರದ ಜಾಗವೆಂದರೆ ಟಿವಿಯೇ. ಅದರ ಮೇಲೆ ಬಿಳಿ ಬಟ್ಟೆ ಹೊದಿಸಿ, ದೇವರ ಪಟ ಇಟ್ಟು, ದೀಪ ಹಚ್ಚುವುದು ಅಬ್ಬಿಯ ಕ್ರಮ. ಊರಿನ ಕಡೆಯ ಹತ್ತು ಹನ್ನೆರಡು ಜನ ಕೂತಿದ್ದರು. ನಾನು ತಾಳ ಹಿಡಿದಿದ್ದೆ. ಅಕ್ಕ ಗೋಡೆ ಗಡಿಯಾರ ನೋಡುತ್ತಲೇ ಇದ್ದಳು. ಏಳೂವರೆಗೆ ನನ್ನ ಕಿವಿಯ ಹತ್ತಿರ ಬಗ್ಗಿದಳು.

“ಈಗ ಆ ಪೆಟ್ಟಿಗಿ ಒಳ್ಗೆ ನಾನ್ ಕುಣೀತಾ ಇದ್ದೆ ಕಾಣ್. ಯಾರಿಗೂ ಹೇಳ್ಬೇಡ.”

ನಾನು ಬಟ್ಟೆ ಹೊದ್ದ ಟಿವಿಯನ್ನೇ ನೋಡಿದೆ. ಅಕ್ಕನೂ ಬಾಯಲ್ಲಿ ಭಜನೆ ಹೇಳುತ್ತ ಅದನ್ನೇ ನೋಡುತ್ತಿದ್ದಳು, ಕಣ್ಣು ತುಂಬ ನಗು. ಎಂಟು ವರ್ಷದವನು ಆ ಗುಟ್ಟನ್ನು ಯಾರಿಗೂ ಹೇಳಲಿಲ್ಲ. ಅಪ್ಪಯ್ಯ ತೀರಿಕೊಂಡರು, ಅಬ್ಬಿ ತೀರಿಕೊಂಡಳು, ಆಗಲೂ ಹೇಳಲಿಲ್ಲ. ಅದೊಂದನ್ನು ಸರಿಯಾಗಿ ಮಾಡಿದ್ದೆ, ಮಾರಾಯ್ರೆ. ನಲವತ್ತು ವರ್ಷದ ಹತ್ತಿರ ಹತ್ತಿರ.

ಆಮೇಲೆ ಈ ಪಾಡ್‌ಕಾಸ್ಟು. ನನ್ನ ವಯಸ್ಸಿನ ಮೂವರು ಇಂಗ್ಲಿಷ್ ಗಂಡಸರು ಆ ಹಳೆಯ ಕಾರ್ಯಕ್ರಮದ ಒಂದೊಂದೇ ಕಂತನ್ನು ಹಿಡಿದು, ಮೊದಲಿನಿಂದ ಕೊನೆಯವರೆಗೆ ನೋಡಿ, ಎರಡು ಮೂರು ಗಂಟೆ ಹರಟುತ್ತಾರೆ. ಹಾಡುಗಾರರ ಕೂದಲು, ಬರೀ ತುಟಿಯಾಡಿಸಿ ಹಾಡಿದಂತೆ ನಟಿಸುವುದು, ನಿರೂಪಕನ ಒಣ ಜಂಬ — ಎಲ್ಲಕ್ಕೂ ನಗು. ಅವರು ಕೆಟ್ಟವರಲ್ಲ. ತಮ್ಮ ಪ್ರಾಯವನ್ನು ನೆನೆದೇ ಹೆಚ್ಚು ನಗುತ್ತಿದ್ದರು. ನಾನಿರುವುದು ಎಜ್‌ವೇರ್‌ನಲ್ಲಿ; ಲಂಡನ್ನಿನ ಟ್ಯೂಬ್ ರೈಲಿನ ತುದಿಯ ನಿಲ್ದಾಣವಾದ್ದರಿಂದ ದಿನಾ ಸೀಟು ಸಿಗುತ್ತದೆ. ಇಯರ್ ಫೋನು ಕಿವಿಗೆ ಸಿಕ್ಕಿಸಿಕೊಂಡು ಕೂತರೆ ಆಫೀಸಿನ ತನಕ ಒಬ್ಬನೇ ನಗುತ್ತಿದ್ದೆ.

ಅದರ ಅಭಿಮಾನಿಗಳಿಗೆ ಇಂಟರ್ನೆಟ್ಟಿನಲ್ಲಿ ಒಂದು ಪುಟವಿತ್ತು. ಯಾವ ಕಂತಿನ ಟೇಪು ಉಳಿದಿದೆ, ಯಾವುದನ್ನು ಟಿವಿಯವರು ಅಳಿಸಿ ಅದರ ಮೇಲೆಯೇ ಬೇರೆ ತುಂಬಿಸಿದರು — ಇಂಥವೆಲ್ಲ ನಮಗೆ ಬಾಯಿಪಾಠ. ಅಲ್ಲಿ ಒಂದು ಆಟವಿತ್ತು. ಪ್ರತಿ ಕಂತಿನಿಂದ, ಕುಣಿಯುವ ಗುಂಪಿನೊಳಗಿನ ಒಂದು ಮುಖವನ್ನು ಆರಿಸಿ ಅದಕ್ಕೊಂದು ಹೆಸರಿಡುವುದು. ಒಳ್ಳೆಯ ಹೆಸರನ್ನು ಆ ಮೂವರು ಮುಂದಿನ ಪಾಡ್‌ಕಾಸ್ಟಿನ ಶುರುವಿನಲ್ಲಿ ಓದುತ್ತಿದ್ದರು. ನನಗೆ ಅದು ಚೆನ್ನಾಗಿ ಕೈಹತ್ತಿತು. ನಿದ್ದೆಗಣ್ಣಿನ ಒಬ್ಬ ಹುಡುಗನಿಗೆ ನಾನಿಟ್ಟ ಹೆಸರನ್ನು ಓದಿ, ‘ಎಜ್‌ವೇರಿನ ರಘು’ ಎಂದಾಗ ನನ್ನ ಎದೆ ಎರಡಂಗುಲ ಉಬ್ಬಿತ್ತು. ಆಫೀಸಿನಲ್ಲಿ ಹದಿನೆಂಟು ವರ್ಷದಿಂದ ನನ್ನ ಮಾತಿಗೆ ಯಾರೂ ತಲೆ ಎತ್ತಿದವರಲ್ಲ. ಇಲ್ಲಿ ರಘು ಏನು ಬರೆಯುತ್ತಾನೋ ಎಂದು ಕಾಯುತ್ತಿದ್ದರು.

ಎರಡು ಸಾವಿರದ ಹದಿನಾಲ್ಕರಲ್ಲಿ ಆ ಕಂತು ಬಂತು.

ಯಾರೋ ತುಣುಕನ್ನು ಪುಟದಲ್ಲಿ ಹಾಕಿ, ಸೀರೆಯ ಹುಡುಗಿ ಯಾರು, ಹೆಸರಿಡಿ ಎಂದಿದ್ದರು. ಒಂದೇ ಕ್ಷಣ ಸಾಕಾಯಿತು ನನಗೆ. ಆ ದಪ್ಪ ಜಡೆ, ಆ ಭುಜ. ಎಡಗೈಯನ್ನು ಸೊಂಟಕ್ಕೆ ಒತ್ತಿಕೊಂಡು, ಬಲಗೈ ಒಂದನ್ನೇ ಬೀಸುತ್ತ ಅಕ್ಕ ಕುಣಿಯುತ್ತಿದ್ದಳು. ಅಷ್ಟು ಖುಷಿಯಲ್ಲಿ ಅವಳನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ಪುಟದಲ್ಲಿ ಯಾರೂ ಹೆಸರಿಟ್ಟಿರಲಿಲ್ಲ. ಪಾಪ, ಹಿಂಜರಿಯುತ್ತಿದ್ದರು, ಬಣ್ಣ ನೋಡಿ ನಕ್ಕರು ಎನ್ನಿಸಿಕೊಳ್ಳುವುದು ಯಾರಿಗೆ ಬೇಕು? ಒಂದಿಬ್ಬರು, ಈ ಹುಡುಗಿಯ ಧೈರ್ಯವೇ ಧೈರ್ಯ ಎಂದು ಬರೆದಿದ್ದರು. ಇವಳು ನನ್ನ ಅಕ್ಕ ಎಂದು ನಾನು ಟೈಪು ಮಾಡಿದೆ. ನಿಜವಾಗಿ ಮಾಡಿದೆ. ಅದನ್ನು ಕಳಿಸಿದ್ದರೆ ಅವರು ಅವಳನ್ನು ಹೊತ್ತು ಮೆರೆಸುತ್ತಿದ್ದರು, ಪಾಡ್‌ಕಾಸ್ಟಿಗೇ ಕರೆಯುತ್ತಿದ್ದರೋ ಏನೋ. ಆದರೆ ಅದರಲ್ಲಿ ನಗು ಇರಲಿಲ್ಲ. ಎಲ್ಲರೂ ಕಾಯುತ್ತಿದ್ದದ್ದು ರಘುವಿನ ಜೋಕಿಗೆ. ಬರೆದದ್ದನ್ನು ಒರೆಸಿ ಹಾಕಿದೆ. ಇಂಡಿಯನ್ ಕರಿ ಹೋಟೆಲಿನ ಕೆಂಪು ಕರ್ಟನ್ ಕೊಕ್ಕೆಯಿಂದ ಕಳಚಿಕೊಂಡು ಓಡಿಬಂದಿದೆ, ಯಾರಾದರೂ ಹೋಟೆಲಿಗೆ ತಿಳಿಸಿ ಎಂದು ಬರೆದೆ. ಕೆಳಗೆ ಹೆಸರು: ಮಿಸೆಸ್ ಕರ್ಟನ್.

ಅಪ್ಪಯ್ಯ ದುಡಿದದ್ದು ಅಂಥದೇ ಹೋಟೆಲಿನಲ್ಲಿ. ಅವಳು ಉಟ್ಟದ್ದು ಅಬ್ಬಿಯ ಸೀರೆ. ಗೊತ್ತಿದ್ದೇ ಬರೆದೆ.

ಹೊಟ್ಟೆ ಹಿಡಿದುಕೊಂಡು ನಕ್ಕರು. ‘ನೀನೇ ಹೇಳಿದ ಮೇಲೆ ನಾವೂ ನಗಬಹುದಲ್ಲ’ ಎಂದು ಒಬ್ಬ ಬರೆದ. ಆ ಸಾಲು ಈಗಲೂ ನನ್ನನ್ನು ಚುಚ್ಚುತ್ತದೆ. ಮುಂದಿನ ಪಾಡ್‌ಕಾಸ್ಟಿನಲ್ಲಿ ಅದನ್ನು ಓದುವ ಮೊದಲು ಅವರಲ್ಲೊಬ್ಬ ತಡವರಿಸಿದ. ಬರೆದವರು ಇಂಡಿಯನ್ನೇ, ಚಿಂತೆಯಿಲ್ಲ ಎಂದ ಇನ್ನೊಬ್ಬ. ಮೂವರೂ ಉಸಿರು ಕಟ್ಟುವಷ್ಟು ನಕ್ಕರು. ಅಂದಿನಿಂದ ಆ ತುಣುಕನ್ನು ಯಾರು ಎಲ್ಲಿ ಹಾಕಿದರೂ ಕೆಳಗೆ ಅದೇ ಹೆಸರು, ಅದೇ ಜೋಕು, ಅದಕ್ಕೂ ಹೊಲಸಾದ ಬೇರೆ ಜೋಕು. ಒಬ್ಬಾಕೆ ಕೆಂಪು ಕರ್ಟನ್ನಿನ ಚಿತ್ರವಿರುವ ಬ್ಯಾಡ್ಜು ಮಾಡಿಸಿದಳು. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಪಬ್ಬೊಂದರ ಮಹಡಿಯಲ್ಲಿ ನಾವು ಸೇರುತ್ತಿದ್ದೆವು. ಅಲ್ಲಿಗೆ ನಾನು ಅದನ್ನು ಕೋಟಿಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದೆ. ಬಾಗಿಲಲ್ಲಿ ಬ್ಯಾಡ್ಜು ತೆಗೆದು ಜೇಬಿಗೆ ಹಾಕಿಕೊಂಡು, ಅಲ್ಲಿಂದ ಸೀದಾ ಹೌನ್ಸ್ಲೋಗೆ, ಅಕ್ಕನ ಮನೆಗೆ ಊಟಕ್ಕೆ ಹೋದದ್ದೂ ಇದೆ.

ಅಕ್ಕ ವಿಮಾನದ ಊಟ ತಯಾರಿಸುವ ಕಡೆ ಇಪ್ಪತ್ತೆಂಟು ವರ್ಷ ಟ್ರೇ ತುಂಬಿದವಳು. ಭಾವ ಬೇಗ ಹೋದರು. ಒಬ್ಬಳೇ ಮಗಳು ಅನಿತಾಳನ್ನು ಓದಿಸಿ, ಅವಳಿಗೊಂದು ಕೆಲಸ ಸಿಕ್ಕಿ, ಇನ್ನು ಸ್ವಲ್ಪ ಕೂತು ಉಣ್ಣಬಹುದು ಎನ್ನುವಾಗ ಹೊಟ್ಟೆನೋವು ಎಂದು ಜಿಪಿ ಡಾಕ್ಟರ ಹತ್ತಿರ ಹೋದಳು. ಅಷ್ಟರಲ್ಲೇ ತಡವಾಗಿತ್ತು.

ಪ್ರತಿ ಭಾನುವಾರ ಹೋಗುತ್ತಿದ್ದೆ. ಒಂದು ಭಾನುವಾರ ಮಧ್ಯಾಹ್ನ, ಅನಿತಾ ಅಂಗಡಿಗೆ ಹೋಗಿದ್ದಳು. ಅಕ್ಕ ದಿಂಬಿಗೆ ಒರಗಿದ್ದವಳು ನನ್ನನ್ನೇ ನೋಡಿ, ಸ್ವಲ್ಪ ನಾಚಿಕೊಂಡು — ಐವತ್ತೇಳು ವರ್ಷದ ಹೆಂಗಸು ನಾಚಿಕೊಂಡು — ಕೇಳಿದಳು.

“ನೀ ಹಳೇ ಪ್ರೋಗ್ರಾಂ ಎಲ್ಲ ಹುಡ್ಕಿ ಕಾಂತೆ ಅಲ್ದಾ. ನಾನ್ ಕುಣ್ದದ್ದ್ ಎಲ್ಲಾದ್ರೂ ಸಿಕ್ಕತ್ತಾ? ಒಂದ್ ಸಲ ಕಾಣ್ಕಿತ್ತ್.”

ಜೇಬಿನಲ್ಲಿ ಫೋನು. ಫೋನಿನಲ್ಲಿ ಅಕ್ಕ.

ತೋರಿಸಿದರೆ ಅನಿತಾಳಿಗೂ ಕಳಿಸು ಎನ್ನುತ್ತಾಳೆ. ಅನಿತಾ ಹುಡುಕುತ್ತಾಳೆ. ಹುಡುಕಿದರೆ ಕೆಳಗಿನ ಸಾಲುಗಳು, ಸಾಲುಗಳ ಕೆಳಗೆ ಎಜ್‌ವೇರಿನ ರಘು. ನನ್ನ ತಲೆಯಲ್ಲಿ ಓಡಿದ್ದು ಇಷ್ಟೇ. ಸಾಯುತ್ತಿರುವ ಅಕ್ಕನ ಎದುರು ಕೂತು ನನ್ನ ಮುಖ ಉಳಿಸಿಕೊಳ್ಳುವ ದಾರಿ ಹುಡುಕಿದೆ.

“ಅದ್ ಇಲ್ಲ ಅಕ್ಕ,” ಎಂದೆ. “ಆಗಿನ ಟೇಪೆಲ್ಲ ಅಳ್ಸಿ ಹಾಕಿರ್.”

ಅವಳು ತಕ್ಷಣ ನಂಬಿದಳು. ಈ ವಿಷಯದಲ್ಲಿ ನನಗಿಂತ ತಿಳಿದವರು ಅವಳ ಪಾಲಿಗೆ ಇನ್ನಾರು? ನನಗೇ ಸಮಾಧಾನ ಹೇಳಿದಳು.

“ಹೋಗ್ಲಿ ಬಿಡ್. ನಂಗ್ ನೆನ್ಪಿತ್ತ್, ಸಾಕ್.”

ನೆನಪಿದ್ದದ್ದನ್ನು ಹೇಳತೊಡಗಿದಳು. ಸ್ಟುಡಿಯೋದ ಬೆಳಕಿನ ಸೆಕೆ, ಜೂಲಿಯ ಬೆಳ್ಳಿ ಬಣ್ಣದ ಬೂಟು. ಎರಡನೆಯ ಹಾಡಿಗೆ ಸೊಂಟದ ಪಿನ್ನು ಕಳಚಿಬಿದ್ದು ಸೀರೆ ಬಿಚ್ಚುವಂತಾಯಿತಂತೆ. ನೆರಿಗೆಯನ್ನು ಎಡಗೈಯಲ್ಲಿ ಒತ್ತಿ ಹಿಡಿದುಕೊಂಡು, ಆದದ್ದಾಗಲಿ ಎಂದು ಕೊನೆಯ ತನಕ ಕುಣಿದಳಂತೆ. ಅಬ್ಬಿಗೆ ಗೊತ್ತಾದರೆ ಬೆನ್ನಿಗೆ ಬೀಳುತ್ತಿತ್ತು ಎಂದು ನಕ್ಕಳು. ನಕ್ಕಿದ್ದಕ್ಕೆ ನೋವಾಗಿ, ಹೊಟ್ಟೆ ಹಿಡಿದುಕೊಂಡು, ಮತ್ತೆ ನಕ್ಕಳು.

ಇದಿಷ್ಟಕ್ಕೇ ಮುಗಿದಿದ್ದರೆ — ಮುಗಿಯಲಿಲ್ಲ. ಮಿಸೆಸ್ ಕರ್ಟನ್ನಿನ ಎಡಗೈ ಯಾಕೆ ಸೊಂಟ ಬಿಡುವುದಿಲ್ಲ ಎಂದು ಪುಟದಲ್ಲಿ ಎರಡು ವರ್ಷದಿಂದ ಚರ್ಚೆ ನಡೆದಿತ್ತು. ನಿಜವಾದ ಉತ್ತರ ಇಡೀ ಲೋಕದಲ್ಲಿ ನನ್ನೊಬ್ಬನಿಗೇ ಗೊತ್ತು. ಹೌನ್ಸ್ಲೋದಿಂದ ಹೊರಟ ಪಿಕಡಿಲಿ ಲೈನಿನಲ್ಲೇ ಕೈ ತುರಿಸಿತು. ಟ್ಯೂಬು ಸುರಂಗಕ್ಕೆ ಇಳಿಯುವ ಮೊದಲು, ಸಿಗ್ನಲ್ ಇರುವಾಗಲೇ ಬರೆದು ಕಳಿಸಿದೆ: ಪಿನ್ನು ಕಳಚಿದೆ, ಕರ್ಟನ್ ಬೀಳದಂತೆ ಕೈಯಲ್ಲಿ ಹಿಡಿದಿದ್ದಾಳೆ. ಆ ವರ್ಷದ ಅತ್ಯುತ್ತಮ ಪತ್ತೇದಾರಿಕೆ ಎಂದರು. ಅಕ್ಕ ನೋವಿನಲ್ಲಿ ನಗುತ್ತ ಹೇಳಿದ ಮಾತನ್ನು, ಒಂದು ಗಂಟೆಯೂ ಕಳೆಯದೆ.

ಫೆಬ್ರವರಿಯಲ್ಲಿ ಅಕ್ಕ ತೀರಿಕೊಂಡಳು.

ದಹನದ ದಿನ ಪರದೆಯ ಮೇಲೆ ತೋರಿಸಲು ಅನಿತಾ ಫೋಟೋ ಹುಡುಕುತ್ತಿದ್ದಳು. ಅಕ್ಕನ ಪ್ರಾಯದ್ದು ಸಿಕ್ಕಿದ್ದು ಎರಡೇ: ಒಂದು ಪಾಸ್‌ಪೋರ್ಟಿನದ್ದು, ಒಂದು ಮದುವೆಯದ್ದು, ಎರಡರಲ್ಲೂ ನಗುವಿಲ್ಲ. ಅನಿತಾಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಉತ್ತರ ಯಾವಾಗಲೂ ಇಂಗ್ಲಿಷಿನಲ್ಲೇ. ನನ್ನ ಹತ್ತಿರ ಬಂದು ಕೈ ಹಿಡಿದುಕೊಂಡು, ಅಮ್ಮ ಎಲ್ಲ ಹೇಳಿದ್ದಾಳೆ, ಆ ಟೇಪಿಗಾಗಿ ನೀವು ಎಷ್ಟು ಹುಡುಕಿದಿರಂತೆ ಎಂದಳು. ನಾನು ಹುಡುಕಿದೆ ಎಂದು ಹೇಳಿರಲೇ ಇಲ್ಲ. ಅದು ಅಕ್ಕನೇ ನನಗಾಗಿ ಸೇರಿಸಿದ್ದು.

“ಥ್ಯಾಂಕ್ಯೂ ಮಾಮ,” ಎಂದಳು ಅನಿತಾ. “ಫಾರ್ ಟ್ರೈಯಿಂಗ್.”

ಆಗಲೂ ಜೇಬಿನಲ್ಲಿ ಫೋನಿತ್ತು. ಪರವಾಗಿಲ್ಲ ಎಂದೆ. ಆ ಮಾತು ನನ್ನ ಬಾಯಿಂದಲೇ ಬಂತು.

ಆಮೇಲೊಂದು ದಿನ ಪುಟಕ್ಕೆ ಹೋಗಿ, ಅವಳು ನನ್ನ ಅಕ್ಕ, ಹೆಸರು ಸುಮತಿ, ಈಗ ಇಲ್ಲ, ದಯವಿಟ್ಟು ಆ ಹೆಸರು ನಿಲ್ಲಿಸಿ ಎಂದು ಬರೆದೆ. ನಗುವ ಮುಖಗಳು ಬಂದವು, ಒಂದರ ಹಿಂದೊಂದು. ಎಜ್‌ವೇರಿನ ರಘು ಬರೆದದ್ದೆಂದರೆ ಜೋಕು ಎಂದೇ ಅವರ ಲೆಕ್ಕ. ಹಾಗೆ ಅಭ್ಯಾಸ ಮಾಡಿಸಿದವನು ನಾನೇ. ನನ್ನ ಬರಹಗಳನ್ನೆಲ್ಲ ತೆಗೆದು ಹೊರಬಂದೆ. ಆ ಹೆಸರು ಹೋಗಲಿಲ್ಲ. ಮೊನ್ನೆ ಹುಡುಕಿದರೂ ಮೊದಲು ಕಂಡದ್ದು ಅದೇ.

ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ಎಲ್ಲೋ ಒಂದು ಕಡೆ ನಗಿಸಲು ಹೋಗುತ್ತೇನೆ ಎಂಬ ಭಯ. ಅನಿತಾಳಿಗೆ ಕನ್ನಡ ಓದಲು ಬಾರದು. ಆದ್ದರಿಂದ ನಾನೇ ಅವಳೆದುರು ಕೂತು, ಬಾಯಿಬಿಟ್ಟು, ಒಂದೊಂದು ಸಾಲನ್ನೂ ಓದಬೇಕು. ಈ ಭಾನುವಾರ ಹೋಗುತ್ತೇನೆ. ಫೋನು, ಆ ಬ್ಯಾಡ್ಜು, ಈ ಹಾಳೆಗಳು — ಮೂರನ್ನೂ ಮೇಜಿನ ಮೇಲೆ ಇಡುತ್ತೇನೆ.

ಮೊದಲು ವಿಡಿಯೋ ತೋರಿಸಿ ಆಮೇಲೆ ಓದಲೇ ಎಂದು ಯೋಚಿಸಿದ್ದೆ. ಅದು ಬೇಡ. ಹದಿನೇಳು ವರ್ಷದ ಅಮ್ಮ ಕುಣಿಯುವುದನ್ನು ಕಂಡರೆ ಅವಳು ಅತ್ತು, ನನ್ನ ಕೈ ಹಿಡಿದುಕೊಂಡು, ಇನ್ನೊಮ್ಮೆ ಥ್ಯಾಂಕ್ಯೂ ಮಾಮ ಎಂದುಬಿಡುತ್ತಾಳೆ. ಮೊದಲು ಇದನ್ನು ಓದುತ್ತೇನೆ.