ಹ್ಯಾಂಡ್‌ಬ್ರೇಕ್ ಮತ್ತು ಕರಿಕಲ್ಲು

ನಮ್ಮ ಕಾರಿನ ಡಿಕ್ಕಿಯಲ್ಲಿ ಎಂಟು ವರ್ಷ ಒಂದು ಕರಿಕಲ್ಲು ಇತ್ತು. ಬೇಡಕಿಹಾಳದ ನಮ್ಮ ಹೊಲದಲ್ಲಿ ಬಾವಿ ತೋಡುವಾಗ ಸಿಕ್ಕಿದ್ದು. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಇಳಿಜಾರು. ಗಾಲಿಯ ಕೆಳಗೆ ಇಡಲೆಂದೇ ದೇವರು ಕಡೆದು ಕೊಟ್ಟ ಕಲ್ಲು ಎಂದು ನನ್ನ ಗಂಡ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಖಂಡೇನವಮಿಯ ದಿನ ಕಾರು ತೊಳೆದು, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕುವಾಗ ಈ ಕಲ್ಲನ್ನೂ ಹೊರಗೆ ತೆಗೆಯುತ್ತಿದ್ದೆವು. ಅದಕ್ಕೂ ಸ್ನಾನ, ಅದಕ್ಕೂ ಕುಂಕುಮ, ಎರಡು ಹೂವು. ಕೈಮುಗಿದು ಮತ್ತೆ ಡಿಕ್ಕಿಗೆ. ನಾನೂ ಮುಗಿದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ನಮ್ಮ ಕಡೆ ಇದನ್ನು ನೋಡಿ ಯಾರೂ ನಗುವುದಿಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರ್ ಏರಿನಲ್ಲಿ ನಿಂತಿತೆಂದರೆ ಯಾರಾದರೂ ಓಡಿಹೋಗಿ ಟ್ರಾಲಿಯ ಗಾಲಿಗೆ ಕಲ್ಲು ಕೊಡಲೇಬೇಕು. ಆ ರೂಢಿಯೇ ಕಾರಿಗೂ ಬಂತು. ನಿಲ್ಲಿಸು, ಗೇರಿನಲ್ಲಿ ಬಿಡು, ಇಳಿ, ಕಲ್ಲು ಇಡು. ಎರಡು ಸೀಟುಗಳ ನಡುವೆ ಇರುವ ಹ್ಯಾಂಡ್‌ಬ್ರೇಕನ್ನು ನಮ್ಮ ಮನೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಅದರ ಕೇಬಲ್ ಯಾವಾಗ ಸಡಿಲಾಯಿತೋ ಯಾರಿಗೂ ಗೊತ್ತಿಲ್ಲ. ಬೋರಿನ ಕೈಪಂಪಿನ ಹಾಗೆ ಎಳೆದಷ್ಟೂ ಮೇಲೆ ಬರುತ್ತಿತ್ತು, ಕಾರು ಮಾತ್ರ ತನ್ನ ಪಾಡಿಗೆ ತಾನು ಹಿಂದೆ ಸರಿಯುತ್ತಿತ್ತು.

ನಾನು ಕಾರು ಕಲಿತದ್ದು ನಲವತ್ತೊಂಬತ್ತನೆಯ ವಯಸ್ಸಿಗೆ. ಗಂಡನೇ ಬೈದು ಬೈದು ಕಲಿಸಿದರು, ನಾನೂ ತಿರುಗಿ ಬೈದು ಬೈದು ಕಲಿತೆ. ಲೈಸೆನ್ಸೂ ಬಂತು. ಆದರೆ ಒಬ್ಬಳೇ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಏರಿನಲ್ಲಿ ನಿಂತರೆ ಇಳಿದು ಕಲ್ಲು ಇಡುವವರು ಬೇಕಲ್ಲ! ಮಂಗಸೂಳಿಯ ತವರಿಗೆ ಹೊರಟರೂ ಪಕ್ಕದ ಸೀಟಿನಲ್ಲಿ ಗಂಡ, ಅವರ ಕಾಲ ಬಳಿ ಕಲ್ಲು. ಸ್ಟೇರಿಂಗ್ ನನ್ನ ಕೈಯಲ್ಲಿದ್ದರೂ ಸವಾರಿ ಅವರದೇ ಆಗಿರುತ್ತಿತ್ತು. ಅದು ನನಗೆ ಒಳಗೊಳಗೇ ಉರಿಯುತ್ತಿತ್ತು.

ಹೋದ ಕಬ್ಬಿನ ಹಂಗಾಮಿನಲ್ಲಿ ನನ್ನ ಅಣ್ಣನ ಮಗಳ ಕುಬಸ ಬಂತು. ಬಸುರಿಗೆ ಹಸಿರು ಸೀರೆ ಉಡಿಸಿ, ಹೊಸ ಕುಬಸ, ಅಂದರೆ ರವಿಕೆ, ತೊಡಿಸಿ, ಉಡಿ ತುಂಬುವ ಕಾರ್ಯ. ಇಪ್ಪತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವಳು ನಾನು. ಆ ಕುಬಸವನ್ನು ಸೋದರತ್ತೆಯಾದ ನಾನೇ ಹೊಲಿದು, ನಾನೇ ಒಯ್ಯಬೇಕು. ರವಿವಾರ ಮಂಗಸೂಳಿಯಲ್ಲಿ ಕಾರ್ಯ. ಬುಧವಾರ ಸಂಜೆ ಗಂಡ ಹೊಲದಿಂದ ಬಂದವರೇ ಹೇಳಿದರು, ಶನಿವಾರದಿಂದ ನಮ್ಮ ಕಬ್ಬಿನ ಕಟಾವು, ಕಡಿಯುವವರ ಗ್ಯಾಂಗು ಬರುತ್ತದೆ, ಹೊಲ ಬಿಟ್ಟು ಕದಲುವಂತಿಲ್ಲ.

"ನಾ ಒಬ್ಬಾಕಿನ ಕಾರ್ ತಗೊಂಡ ಹೋಗತೀನಿ" ಎಂದೆ.

"ಏರಿನ್ಯಾಗ ನಿಂತ್ರ ಕಲ್ಲ ಇಡಾಕ ಯಾರ ಅದಾರ? ಸುಮ್ನ ಬಸ್ಸಿಗೆ ಹೋಗ."

"ಹಂಗಾರ ಹ್ಯಾಂಡ್‌ಬ್ರೇಕ್ ಮಾಡ್ಸ್ರಿ."

"ಅದಕ್ಕ ಚಿಕ್ಕೋಡಿ ಗ್ಯಾರೇಜಿಗೆ ಒಯ್ಯಬೇಕಾಕ್ಕೈತಿ. ಹಂಗಾಮ ಮುಗೀಲಿ."

ಎಂಟು ವರ್ಷದಿಂದ ಮುಗಿಯದ ಹಂಗಾಮು. ಆ ರಾತ್ರಿ ಅವರಿಗೆ ರೊಟ್ಟಿ ಬಡಿಸುವಾಗ ತಾಟನ್ನು ಸ್ವಲ್ಪ ಜೋರಾಗಿಯೇ ಇಟ್ಟೆ.

ಮರುದಿನ ಅವರು ಹೊಲಕ್ಕೆ ಹೋದ ಮೇಲೆ ಮೊಬೈಲಿನಲ್ಲಿ ಹುಡುಕಿದೆ. ಒಬ್ಬ ಮೆಕ್ಯಾನಿಕ್ ನಮ್ಮಂಥದೇ ಕಾರನ್ನು ಬಿಚ್ಚಿ ಮರಾಠಿಯಲ್ಲಿ ವಿವರಿಸುತ್ತಿದ್ದ. ಮರಾಠಿ ನಮಗೇನು ಪರಕೀಯವೇ, ಅರ್ಧ ಜಗಳ ನಾವು ಅದರಲ್ಲೇ ಆಡುತ್ತೇವೆ. ಮೂರು ಸಲ ನೋಡಿದೆ. ನೋಡಿದರೆ ಇಷ್ಟೇ: ಹ್ಯಾಂಡ್‌ಬ್ರೇಕಿನ ಬುಡದಲ್ಲಿ ಒಂದು ನಟ್ಟು ಇದೆ, ಅದನ್ನು ಬಿಗಿ ಮಾಡಿದರೆ ಕೇಬಲ್ ಬಿಗಿಯಾಗುತ್ತದೆ. ಹೊಲಿಗೆ ಯಂತ್ರದಲ್ಲಿ ದಾರದ ಬಿಗಿ ತಿರುಗಿಸುವ ಹಾಗೆಯೇ. ಇದಕ್ಕೆ ಚಿಕ್ಕೋಡಿ ಯಾಕೆ ಬೇಕು?

ಹಿಂದಿನ ಗಾಲಿಗಳನ್ನು ಎತ್ತಬೇಕಿತ್ತು. ಎತ್ತುವ ಮೊದಲು ಮುಂದಿನ ಗಾಲಿ ಉರುಳದಂತೆ ಏನಾದರೂ ಕೊಡಬೇಕೆಂದು ವಿಡಿಯೋದವನು ಹೇಳಿದ್ದ. ಕಲ್ಲಿನ ಹಂಗು ಕಳೆಯಲು ಹೊರಟವಳಿಗೂ ಮೊದಲು ಆ ಕಲ್ಲೇ ಬೇಕಾಯಿತು. ಇಟ್ಟೆ. ಜ್ಯಾಕ್ ಹಾಕಿ ಎತ್ತಿ, ಕೆಳಗೆ ಬೇವಿನ ದಿಮ್ಮಿಗಳನ್ನು ಕೊಟ್ಟೆ. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದ ಅತ್ತೆ ಎಲ್ಲವನ್ನೂ ನೋಡುತ್ತಿದ್ದರು.

"ಏನ ಮಾಡಾಕತ್ತೀಯ ಯವ್ವಾ? ನನ್ನ ಮಗಾ ಬಂದ್ರ ಕುಣದಾಡ್ತಾನ."

"ಕುಣೀಲಿ ಬಿಡ್ರಿ. ನೀವ ನೋಡೀರಿ?"

"ನಾ ಏನೂ ನೋಡಿಲ್ಲ" ಎಂದು ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತರು. ಎರಡು ನಿಮಿಷಕ್ಕೆ ಮತ್ತೆ ಈ ಕಡೆಗೇ ತಿರುಗಿದರು.

ಸೀಟುಗಳ ನಡುವಿನ ಮುಚ್ಚಳ ತೆಗೆದರೆ ಎಂಟು ವರ್ಷದ ಧೂಳು, ಎರಡು ಅಡಿಕೆ ಚೂರು, ಅತ್ತೆ ಕಳೆದುಹೋಯಿತೆಂದು ಮನೆಯವರನ್ನೆಲ್ಲ ಬೈದಿದ್ದ ಒಂದು ಕಾಲುಂಗುರ. ನಟ್ಟು ತುಕ್ಕು ಹಿಡಿದಿತ್ತು. ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯನ್ನೇ ನಾಲ್ಕು ಹನಿ ಬಿಟ್ಟು, ಒಂದು ಚಹಾ ಕುಡಿದು ಬಂದು, ನಟ್ಟು ತಿರುಗಿಸುವ ಪಾನಾ ಹಾಕಿದೆ. ತಿರುಗಿತು. ವಿಡಿಯೋದವನು "ಹಳೂ ಹಳೂ", ಮೆಲ್ಲಗೆ ಮೆಲ್ಲಗೆ, ಎಂದು ಹತ್ತು ಸಲ ಹೇಳಿದ್ದ. ನನ್ನ ಸಿಟ್ಟಿಗೆ ಹಳೂ ಎಲ್ಲಿಂದ ಬರಬೇಕು? ಗಂಡನನ್ನು ನೆನೆಸಿಕೊಂಡು ಗಟ್ಟಿಯಾಗಿ ತಿರುಗಿಸಿಬಿಟ್ಟೆ. ಬ್ರೇಕ್ ಈಗ ಎಳೆದರೆ ಎರಡೇ ಕಟಕಟ ಸದ್ದಿಗೆ ಬಿಗಿಯಾಗಿ ನಿಂತಿತು. ಗಾಲಿ ಇಳಿಸಿ, ಬೋರಗಾಂವದ ರಸ್ತೆಯಲ್ಲಿ ಒಂದು ಸುತ್ತು ಹೊರಟೆ. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಸುಟ್ಟ ವಾಸನೆ. ಇಳಿದು ಹಿಂದಿನ ಗಾಲಿಯ ಹತ್ತಿರ ಕೈ ಒಯ್ದರೆ ಹಂಚಿನ ಕಾವು. ಹ್ಯಾಂಡ್‌ಬ್ರೇಕ್ ಬಿಟ್ಟಿದ್ದರೂ ಬ್ರೇಕ್ ಗಾಲಿಯನ್ನು ಬಿಟ್ಟಿರಲಿಲ್ಲ.

ಆರಿದ ಮೇಲೆ ಮೆಲ್ಲಗೆ ಮನೆಗೆ ತಂದು ಮತ್ತೆ ಎತ್ತಿದೆ. ಈ ಸಲ ತಾಳ್ಮೆಯಿಂದ. ಅರ್ಧ ಸುತ್ತು ಸಡಿಲಿಸುವುದು, ಗಾಲಿಯನ್ನು ಕೈಯಿಂದ ತಿರುಗಿಸಿ ನೋಡುವುದು, ಮತ್ತೆ ಅರ್ಧ ಸುತ್ತು. ಬ್ರೇಕ್ ಬಿಟ್ಟಾಗ ಎರಡೂ ಗಾಲಿ ಸರಾಗವಾಗಿ ತಿರುಗಬೇಕು, ಐದು ಕಟಕಟ ಎಳೆದಾಗ ಎರಡೂ ಅಲುಗಬಾರದು. ಹೊತ್ತು ಮುಳುಗುವ ಮೊದಲು ಹಾಗೇ ಆಯಿತು. ಕೈತುಂಬ ಗ್ರೀಸು, ಸೀರೆಯ ಅಂಚಿಗೂ ಗ್ರೀಸು. ಅತ್ತೆ ಕಾಲುಂಗುರ ಸಿಕ್ಕ ಖುಷಿಯಲ್ಲಿ ನನಗೆ ಒಂದು ಹಿಡಿ ಶೇಂಗಾ ಕೊಟ್ಟರು.

ಗಂಡ ನಂಬಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ? ಶುಕ್ರವಾರ ಬೆಳಿಗ್ಗೆ ಕಾಲುವೆಯ ಏರಿಗೆ ಕರೆದುಕೊಂಡು ಹೋದೆ. ಕಡಿದಾದ ಜಾಗದಲ್ಲಿ ನಿಲ್ಲಿಸಿ, ಐದು ಕಟಕಟ ಎಳೆದು, ಗೇರು ತೆಗೆದು, ಕಾಲು ಎತ್ತಿದೆ. ಕಾರು ಅಲುಗಲಿಲ್ಲ. ನನಗೆ ಕೂಗಬೇಕೆನಿಸಿತು. ಇಳಿದು ಹಿಂದೆ ಬಂದು ನೋಡಿದರೆ ಗಾಲಿಯ ಕೆಳಗೆ ಕುಂಕುಮದ ಕಲ್ಲು! ನಾನು ಬ್ರೇಕ್ ಎಳೆಯುವುದರೊಳಗೇ ಈ ಮಹಾರಾಯ ಇಳಿದುಹೋಗಿ ಇಟ್ಟಿದ್ದರು.

"ಯಾರ ಇಡಂದ್ರು ಇದನ್ನ?"

"ಯಾರೂ ಅಂದಿಲ್ಲ. ರೂಢಿ ನೋಡ, ಕೈ ತಾನ ಹೋತು" ಎಂದರು, ನಿಜವಾಗಿಯೂ ನಾಚಿಕೊಂಡು.

ಕಾರನ್ನು ಒಂದು ಮೊಳ ಮುಂದೆ ತೆಗೆದುಕೊಂಡೆ. ಕಲ್ಲನ್ನು ಅವರ ಕೈಯಲ್ಲೇ ಎತ್ತಿಸಿ, ಅವರನ್ನು ಕಾರಿನ ಮುಂದೆ ದೂರ ನಿಲ್ಲಿಸಿದೆ. ಮತ್ತೆ ಎಳೆದೆ, ಕಾಲು ಎತ್ತಿದೆ. ಕಾರು ನಿಂತಿತು. ಅವರು ಹತ್ತಿರ ಬಂದರು. ಆಮೇಲೆ ಕಲ್ಲನ್ನು ಕೆಳಗಿಟ್ಟು, ಬಾನೆಟ್ಟಿಗೆ ಎರಡೂ ಕೈಕೊಟ್ಟು ಹಿಂದಕ್ಕೆ ದೂಡಿದರು. ಕಬ್ಬಿನ ಹೊರೆ ಹೊತ್ತು ಬೆಳೆದ ತೋಳುಗಳು. ಕಾರು ಜಪ್ಪಯ್ಯ ಅಂದರೂ ಕದಲಲಿಲ್ಲ.

"ನಿಂತೈತಿ" ಎಂದರು. ಅವರಿಂದ ಅಷ್ಟು ಬಂದರೆ ಬೇರೆಯವರಿಂದ ಶಾಲು ಹೊದಿಸಿಕೊಂಡಂತೆ. ನನ್ನ ಕಣ್ಣು ತುಂಬಿತು, ಧೂಳು ಬಿತ್ತೆಂದು ಒರೆಸಿಕೊಂಡೆ.

ಆದರೂ ರವಿವಾರ ಬೆಳಿಗ್ಗೆ ನಾನು ಹೊರಡುವಾಗ ಕಲ್ಲನ್ನು ತಂದು ಡಿಕ್ಕಿಗೆ ಹಾಕಿದರು. "ಇರ್ಲಿ. ಏನ ಭಾರಾ ಆಕ್ಕೈತಿ?" ಇರಲಿ ಎಂದು ನಾನೂ ಬಿಟ್ಟೆ. ಪಕ್ಕದ ಸೀಟಿನಲ್ಲಿ ಈ ಸಲ ಹಸಿರು ಕುಬಸ ಒಂದೇ ಕೂತಿತ್ತು.

ಕೃಷ್ಣಾ ಹೊಳೆಯ ಸೇತುವೆಗೆ ಏರುವ ರಸ್ತೆಯಲ್ಲಿ ಗಾಡಿಗಳ ಸಾಲು ನಿಂತುಬಿಟ್ಟಿತು. ನನ್ನ ಮುಂದೆ ಎರಡು ಟ್ರಾಲಿ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ಬಸ್ಸು. ಹ್ಯಾಂಡ್‌ಬ್ರೇಕ್ ಎಳೆದೆ. ಅಷ್ಟರಲ್ಲಿ ಮುಂದಿನ ಟ್ರಾಲಿ ಒಂದು ಗೇಣು ಹಿಂದೆ ಬಂತು. ಟ್ರ್ಯಾಕ್ಟರಿನವನು ಒಬ್ಬನೇ ಇದ್ದ. ಬ್ರೇಕಿನ ಮೇಲೆ ಎದ್ದು ನಿಂತು ಕೂಗಿದ.

"ಯಾರರ ಕಲ್ಲ ಕೊಡ್ರೀ! ಅಕ್ಕಾರ, ಬ್ರೇಕ್ ಹಿಡಿವಲ್ದು, ಒಂದ ಕಲ್ಲ ಕೊಡ್ರೀ!"

ನಾನು ಜಿಗಿದೆ. ಡಿಕ್ಕಿ ತೆಗೆದು, ಕಲ್ಲನ್ನು ಹೊಟ್ಟೆಗೆ ಆನಿಸಿಕೊಂಡು ಓಡಿ, ಪಕ್ಕದಿಂದ ಟ್ರಾಲಿಯ ಗಾಲಿಗೆ ಕೊಟ್ಟೆ. ಟ್ರಾಲಿ ಕಲ್ಲಿಗೆ ಒರಗಿ ನಿಂತಿತು. ಆಗ ತಿರುಗಿ ನೋಡಿದೆ. ನನ್ನ ಕಾರು ಏರಿನಲ್ಲಿ, ಬಾಗಿಲು ಹಾರುಹೊಡೆದು, ಒಳಗೆ ಯಾರೂ ಇಲ್ಲದೆ ನಿಂತಿತ್ತು. ಗೇರಿಗೆ ಹಾಕುವುದನ್ನೂ ಮರೆತಿದ್ದೆ. ನಾನು ಬಿಗಿದ ನಟ್ಟು ಒಂದೇ ಅದನ್ನು ಹಿಡಿದಿತ್ತು. ಹೆಮ್ಮೆಯಿಂದ ಅಲ್ಲೇ ಎರಡು ಗಳಿಗೆ ನಿಂತೆ.

ಸಾಲು ಸರಿಯಿತು. ಟ್ರ್ಯಾಕ್ಟರಿನವನು ಕೈ ಎತ್ತಿ ಹೊರಟುಹೋದ, ಕಲ್ಲು ರಸ್ತೆಯ ಮೇಲೆಯೇ ಉಳಿಯಿತು. ರಸ್ತೆಯಲ್ಲಿ ಬಿಟ್ಟ ಕಲ್ಲು ಬೈಕಿನವರ ಪ್ರಾಣ ತೆಗೆಯುತ್ತದೆ. ಅದನ್ನು ಎತ್ತಿ ಸೇತುವೆಯ ಗೋಡೆಯ ಪಕ್ಕಕ್ಕೆ ಒಯ್ದು, ಏರಿನಲ್ಲಿ ನಿಂತವರಿಗೆ ಕೈಗೆ ಸಿಗುವಂತೆ ಇಟ್ಟೆ. ಕೈಮುಗಿದೆ. ಬಸ್ಸಿನವನು ಹಾರನ್ ಒತ್ತುತ್ತಲೇ ಇದ್ದ. ಒತ್ತಲಿ.

ಮಂಗಸೂಳಿ ಮುಟ್ಟಿ, ಅಣ್ಣನ ಮಗಳಿಗೆ ಕುಬಸ ತೊಡಿಸಿ, ಎಲೆಯ ಮುಂದೆ ಕೂತಾಗ ಗಂಡನ ಫೋನು ಬಂತು.

"ಮುಟ್ಟಿದಿ? ಗಾಡಿಗಿ ಕಲ್ಲ ಇಟ್ಟೀದಿ?"

"ಕಲ್ಲ ಹೊಳಿ ಸೇತುವಿ ಹತ್ರ ಬಿಟ್ಟ ಬಂದೀನಿ."

ಆ ಕಡೆಯಿಂದ ಕಬ್ಬು ಕಡಿಯುವ ಸಪ್ಪಳ ಕೇಳುತ್ತಿತ್ತು.

"ಮತ್ತ ಗಾಡಿ?"

"ನಾ ನಿಂದ್ರಿಸಿದಲ್ಲೆ ನಿಂತೈತಿ" ಎಂದೆ.